ನುಚ್ಚು ಹೆಚ್ಚೈತೆ

ನಮ್ಮ ಕೆಳಮನೆಯವರು ಬೀದಿ ನಾಯಿಗಳಿಗೆ ಅನ್ನ ಹಾಕುತ್ತಾರೆ. ದಿನಾ ಬೆಳಗ್ಗೆ ದೊಡ್ಡ ಕುಕ್ಕರಿನಲ್ಲಿ ನುಚ್ಚಕ್ಕಿಗೆ ಚಿಟಿಕೆ ಅರಿಸಿನ ಹಾಕಿ ಬೇಯಿಸುತ್ತಾರೆ. ಇಂದಿರಾನಗರದ ಈ ಬಾಡಿಗೆ ಮನೆಗೆ ನಾನು ಬಂದು ಮೂರನೆಯ ದಿನವೋ ನಾಲ್ಕನೆಯ ದಿನವೋ, ಹಲ್ಲುಜ್ಜುತ್ತಾ ನಿಂತಿದ್ದಾಗ ಆ ವಾಸನೆ ಮೆಟ್ಟಿಲು ಹತ್ತಿ ಬಂತು. ನುಚ್ಚು ಬೇಯುವ ವಾಸನೆ ಅನ್ನದ ವಾಸನೆಯಂತಿರುವುದಿಲ್ಲ. ಅದರಲ್ಲಿ ಸ್ವಲ್ಪ ತೌಡಿನ ಘಾಟು ಇರುತ್ತದೆ, ಗೋಣಿಚೀಲದ್ದೂ ಸ್ವಲ್ಪ ಇರುತ್ತದೆ. "ನಾಯಿಗಳಿಗೆ ಇದೇ ಇಷ್ಟ ಕಣ್ರೀ" ಎಂದರು ಕೆಳಮನೆಯವರು. ಎರಡು ವರ್ಷ ನಾನು ತಿಂದದ್ದೂ ಅದನ್ನೇ ಎಂದು ಅವರಿಗೆ ಹೇಳಲಿಲ್ಲ.

ಹೇಳದೆ ಏನು ಮಾಡಿದೆ ಎಂದರೆ, ಇವರಿಗೆ ನಾಯಿಗಳ ಹೆಸರಿನಲ್ಲಿ ಎಲ್ಲಿಂದಲೋ ದುಡ್ಡು ಬರುತ್ತಿರಬೇಕು, ಇಲ್ಲದಿದ್ದರೆ ಈ ಕಾಲದಲ್ಲಿ ಯಾರು ಇಷ್ಟು ಬೇಯಿಸಿ ಹಾಕುತ್ತಾರೆ ಎಂದುಕೊಂಡೆ. ಹುಟ್ಟುಗುಣ ಸುಟ್ಟರೂ ಹೋಗದು. ಹಾಗೆ ಅಂದುಕೊಂಡ ಮರುಕ್ಷಣವೇ, ಓದುತ್ತಿದ್ದಾಗಿನ ಅಂಗಡಿ ಅಜ್ಜಿಯ ನೆನಪಾಗಿ ನನಗೇ ನಾಚಿಕೆಯಾಯಿತು.

ಈ ಗುಣ ನನಗೆ ಅಮ್ಮನಿಂದ ಬಂದದ್ದು. ನಾನು ಬೆಳೆದದ್ದು ಒಂದು ಸಿಮೆಂಟ್ ಕಾರ್ಖಾನೆಯ ಕಾಲೊನಿಯಲ್ಲಿ. ಅಲ್ಲಿ ಹತ್ತೂರಿನ ಜನ, ಹತ್ತು ಬಗೆಯ ಕನ್ನಡ. ಅಜ್ಜಿ ತಾತ ಯಾರ ಮನೆಯಲ್ಲೂ ಇರಲಿಲ್ಲ. ಅಮ್ಮ ಸಂತೆಗೆ ಹೊರಟರೆ ಯುದ್ಧಕ್ಕೆ ಹೊರಟ ಹಾಗೆ. ಮೊದಲು ತಕ್ಕಡಿಯ ಮುಳ್ಳು ನೋಡುವುದು, ಆಮೇಲೆ ತಟ್ಟೆಯನ್ನು ಎತ್ತಿ ಅದರ ತಳ ನೋಡುವುದು, ಆಮೇಲೆ ಮಾರುವವನ ಮುಖ. ಮನೆಗೆ ಬಂದ ಮೇಲೆ ಚಹಾಪುಡಿಯನ್ನು ಒದ್ದೆ ಕಾಗದದ ಮೇಲೆ ಉದುರಿಸಿ ಬಣ್ಣ ಬಿಡುತ್ತದೆಯೇ ಎಂದು ಪರೀಕ್ಷೆ. ತೊಗರಿಬೇಳೆಯನ್ನು ಅಂಗೈಯಲ್ಲಿ ಉಜ್ಜಿ ಇನ್ನೊಂದು ಪರೀಕ್ಷೆ. "ಕೊಸರು ಹಾಕುವವರ ಹತ್ತಿರ ಹುಷಾರಾಗಿರು" ಎನ್ನುತ್ತಿದ್ದಳು. ತೂಗಿದ ಮೇಲೆ ಇನ್ನೊಂದು ಹಿಡಿ ಪುಕ್ಕಟೆಯಾಗಿ ಹಾಕುತ್ತಾರಲ್ಲ, ಅದು ಕೊಸರು. ಕೊಸರು ಹಾಕಿ ಕಣ್ಣು ಕಟ್ಟುತ್ತಾರೆ, ಮೋಸವೆಲ್ಲ ಅದಕ್ಕಿಂತ ಮೊದಲೇ ಆಗಿ ಹೋಗಿರುತ್ತದೆ ಎಂಬುದು ಅಮ್ಮನ ಸಿದ್ಧಾಂತ. ಡಿಗ್ರಿ ಓದಲು ಬೆಂಗಳೂರಿಗೆ ಹೊರಟಾಗ ಅವಳು ಕಟ್ಟಿಕೊಟ್ಟ ಬುತ್ತಿಯಲ್ಲಿ ಇದೂ ಇತ್ತು.

ಕಾಲೇಜು ಕೆ.ಆರ್. ಪುರಂ ಸ್ಟೇಷನ್ನಿನ ಹತ್ತಿರ. ಪಿ.ಜಿ.ಯಲ್ಲಿ ಇರುವಷ್ಟು ಅನುಕೂಲವಿರಲಿಲ್ಲ. ರಾಮಮೂರ್ತಿ ನಗರದ ಒಂದು ಸಂದಿಯಲ್ಲಿ, ಸಾಲಾಗಿ ಕಟ್ಟಿದ್ದ ಒಂದೊಂದೇ ಕೋಣೆಯ ಬಾಡಿಗೆ ಮನೆಗಳಲ್ಲಿ ಒಂದನ್ನು ನಾನೂ ಮಾಲೂರಿನ ಕಡೆಯ ಒಬ್ಬ ಹುಡುಗಿಯೂ ಸೇರಿ ಹಿಡಿದೆವು. ಸಾಲಿನ ತುಂಬ ನಮ್ಮಂಥ ವಿದ್ಯಾರ್ಥಿಗಳೇ. ಅಡುಗೆ ಅವಳದು, ಸಾಮಾನು ತರುವುದು ನನ್ನದು. ಈ ಏರ್ಪಾಡು ಮಾಡಿದ್ದು ನಾನೇ. ಅವಳು ಅಂಗಡಿಯವರು ಹೇಳಿದ ರೇಟಿಗೆ ತಲೆಯಾಡಿಸಿ ಬರುವ ಪೈಕಿ. ಅಂಥವಳ ಕೈಗೆ ಚೀಲ ಕೊಟ್ಟರೆ ತಿಂಗಳ ಇಪ್ಪತ್ತನೆಯ ತಾರೀಖಿಗೇ ಉಪವಾಸ ಬೀಳುತ್ತೇವೆ ಎಂದು ನನಗೆ ಭಯ. ಹಾಗಾಗಿ ಡಿಗ್ರಿಯ ಆ ಮೂರು ವರ್ಷದಲ್ಲಿ ಅವಳು ಒಂದು ಬೆಂಕಿಪೊಟ್ಟಣವನ್ನೂ ಕೊಂಡು ತಂದವಳಲ್ಲ. ಆಮೇಲೆ ಆದದ್ದಕ್ಕೆಲ್ಲ ಇದೇ ಮೂಲ.

ಸಂದಿಯ ಮೂಲೆಯಲ್ಲಿತ್ತು ಅಜ್ಜಿಯ ಅಂಗಡಿ. ನಾಲ್ಕು ಅಂತಸ್ತಿನ ಕಟ್ಟಡದ ಕೆಳಗೆ, ರಸ್ತೆಗೆ ಬಾಗಿಲಿದ್ದ ಒಂದು ಕೋಣೆ. ಕಟ್ಟಡ ಅವರ ಮಕ್ಕಳದು. ಆ ಬೀದಿ, ಹಿಂದಿನ ಬೀದಿ, ನಮ್ಮ ಸಾಲುಮನೆಗಳು ನಿಂತಿದ್ದ ಜಾಗ, ಎಲ್ಲ ಒಂದು ಕಾಲಕ್ಕೆ ಅವರ ಮನೆಯ ರಾಗಿ ಹೊಲವಾಗಿತ್ತಂತೆ. ಹೊಲ ಸೈಟುಗಳಾಗಿ ಹೋಯಿತು, ಮಕ್ಕಳಿಗೆ ಬಾಡಿಗೆ ಬರತೊಡಗಿತು, ಅಜ್ಜಿಗೆ ಮಾತ್ರ ಮಾಡಲು ಕೆಲಸವಿಲ್ಲದಾಯಿತು. ಕಣದಲ್ಲಿ ನಿಂತು ಆಳುಗಳಿಗೂ ಕೇಳಿ ಬಂದವರಿಗೂ ಅಳೆದು ಕೊಟ್ಟ ಕೈ ಅದು, ಸುಮ್ಮನಿರಲಿಲ್ಲ. ಹಟ ಮಾಡಿ ಆ ಕೋಣೆಯನ್ನು ಇಸಿದುಕೊಂಡು ಅಕ್ಕಿ, ಬೇಳೆ, ಬೆಲ್ಲ ಇಟ್ಟುಕೊಂಡು ಕೂತರು. ಮಕ್ಕಳಿಗೆ ಅದು ಸರಿಬರಲಿಲ್ಲ. ಆ ಕೋಣೆಗೆ ಮೊಬೈಲ್ ರಿಪೇರಿಯವರು, ಸಲೂನಿನವರು ಒಳ್ಳೆಯ ಬಾಡಿಗೆ ಕೊಡಲು ತಯಾರಿದ್ದರು.

ಮೊದಲ ಸಲ ಹೋದಾಗಲೇ ಅಜ್ಜಿ ನನಗೆ ಇದನ್ನೆಲ್ಲ ಹೇಳಿದ್ದರು. "ಮುಚ್ಚು ಮುಚ್ಚು ಅಂತ ನನ್ ಮಕ್ಳು ಪ್ರಾಣ ತಿಂತಾವ್ರೆ ಕಣವ್ವ. ಓದೋ ಮಕ್ಳು ಬರೋಗಂಟ ಮುಚ್ಚಾಕಿಲ್ಲ ಅಂದಿವ್ನಿ. ನೀವ್ ಬರೋದ್ ನಿಂತ್ರೆ ಅವತ್ತೇ ಬೀಗ." ವ್ಯಾಪಾರ ಕುದುರಿಸಲು ಹೇಳುವ ಮಾತು ಇದು ಎಂದುಕೊಂಡೆ. ಅರ್ಧ ಕೆ.ಜಿ. ಬೇಳೆಗೆ ಇಷ್ಟು ಪುರಾಣ ಹೇಳುವವರನ್ನು ಅಮ್ಮನಾದರೆ ಅಲ್ಲೇ ಬಿಟ್ಟು ಮುಂದಿನ ಅಂಗಡಿಗೆ ಹೋಗುತ್ತಿದ್ದಳು.

ನಾನು ಬಿಟ್ಟು ಹೋಗಲಿಲ್ಲ. ಕಾರಣ ನುಚ್ಚು. ಸೋನಾ ಮಸೂರಿಯ ಅರ್ಧ ಬೆಲೆಗೆ ಸಿಗುತ್ತಿದ್ದ ನುಚ್ಚಕ್ಕಿಯನ್ನು ಆ ಸುತ್ತಿನಲ್ಲಿ ಇಟ್ಟಿದ್ದವರು ಅಜ್ಜಿಯೊಬ್ಬರೇ. ಅವರ ಹತ್ತಿರ ಎಲೆಕ್ಟ್ರಾನಿಕ್ ತಕ್ಕಡಿ ಇರಲಿಲ್ಲ. ಮೇಲಿನಿಂದ ಇಳಿಬಿಟ್ಟ ಹಳೆಯ ಕಬ್ಬಿಣದ ತಕ್ಕಡಿ, ಎಣ್ಣೆ ಹಚ್ಚಿ ಒರೆಸಿಟ್ಟ ತೂಕದ ಬಟ್ಟುಗಳು. ತೂಗಿ ಕಾಗದಕ್ಕೆ ಸುರಿದ ಮೇಲೆ ಇನ್ನೊಂದು ಹಿಡಿ ಕೊಸರು. ನಾನು ಬೇಡವೆಂದರೂ ಹಾಕುತ್ತಿದ್ದರು. ಹಾಕಿದಷ್ಟೂ ನನಗೆ ಅನುಮಾನ. ಒಂದು ದಿನ ಒಂದು ಕೆ.ಜಿ. ಬೇಳೆ ತೂಗಿಸಿಕೊಂಡು ನೇರವಾಗಿ ಹಳೇ ಪೇಪರ್ ಅಂಗಡಿಗೆ ಹೋಗಿ ಅವರ ತಕ್ಕಡಿಯಲ್ಲಿ ಇಡಿಸಿದೆ. ಒಂದು ಕೆ.ಜಿ.ಗಿಂತ ಜಾಸ್ತಿಯೇ ಬಂತು. ಪೇಪರಿನವನ ತಕ್ಕಡಿ ಸರಿಯಿಲ್ಲ ಎಂದು ತೀರ್ಮಾನಿಸಿ, ಇನ್ನು ಮೇಲೆ ಇವನಿಗೆ ಹಳೆಯ ಪೇಪರು ಹಾಕಬಾರದು ಎಂದುಕೊಂಡು ಬಂದೆ.

ಹೀಗೆ ಐದಾರು ತಿಂಗಳು ನಡೆಯಿತು. ಒಂದು ಮಧ್ಯಾಹ್ನ ಕಾಲೇಜು ಮುಗಿಸಿ ಚೀಲ ಹಿಡಿದು ಹೋದೆ. ನುಚ್ಚು ಕೊಡಿ ಎಂದೆ. ಅಜ್ಜಿ ಹಿಂದಿನ ಚೀಲದ ಕಡೆ ಒಮ್ಮೆ ನೋಡಿ, ಮುಖದಲ್ಲಿ ಯಾವ ಬದಲಾವಣೆಯೂ ಇಲ್ಲದೆ, "ನುಚ್ಚು ಹೆಚ್ಚೈತೆ ಕಣವ್ವ" ಎಂದರು.

"ಎಷ್ಟು ಹೆಚ್ಚಿದೆ?"

"ಪೂರಾ ಹೆಚ್ಚೈತೆ. ಸೋಮವಾರ ಬಾ."

ಪೂರಾ! ಎಷ್ಟು ರೂಪಾಯಿ ಎಂದು ಹೇಳುವ ಧೈರ್ಯವೂ ಇಲ್ಲದ ಏರಿಕೆ. ಮತ್ತೇನೂ ಕೇಳದೆ ಬಂದೆ. ರೇಟು ಏರಿಸಿದ್ದಾರೆ ಎಂದು ಕೋಣೆಯಲ್ಲಿ ಹೇಳಿದೆ. ಆ ವಾರ ಚಪಾತಿ ತಿಂದು ಕಳೆದೆವು. ಸೋಮವಾರ ಹೋದರೆ ನುಚ್ಚು ಹಳೆಯ ಬೆಲೆಗೇ ಇತ್ತು. ಬೇರೆ ಯಾರಾದರೂ ಸಂತೋಷಪಡುತ್ತಿದ್ದರು. ನಾನು ಯೋಚಿಸಿದೆ. ಓಹೋ, ಮೊದಲು ಬೆಲೆ ಏರಿಸಿ ನೋಡುವುದು, ಒಪ್ಪಿದವರ ಹತ್ತಿರ ಇಸಿದುಕೊಳ್ಳುವುದು, ಎದ್ದು ಹೋದವರಿಗೆ ಮತ್ತೆ ಇಳಿಸುವುದು. ಮುಖ ನೋಡಿ ಮಣೆ ಹಾಕುವವರನ್ನು ಕಂಡಿದ್ದೆ, ಮುಖ ನೋಡಿ ರೇಟು ಹಾಕುವವರನ್ನು ಅಂದೇ ಕಂಡದ್ದು.

ಅಲ್ಲಿಂದ ನಾನು ಕಿವಿ ತೆರೆದು ಕೇಳತೊಡಗಿದೆ. ಒಮ್ಮೆ ತೊಗರಿಬೇಳೆ ಹೆಚ್ಚೈತೆ, ಒಮ್ಮೆ ಬೆಲ್ಲ ಹೆಚ್ಚೈತೆ. ಒಂದು ಸಲವಂತೂ ಉಪ್ಪು ಹೆಚ್ಚೈತೆ ಎಂದರು, ಉಪ್ಪು! ಉಪ್ಪಿನ ಬೆಲೆ ಏರಿದರೆ ದೇಶದಲ್ಲಿ ಗಲಾಟೆಯೇ ಆಗಿಬಿಡುತ್ತದೆ ಎಂದು ಮನಸ್ಸಿನಲ್ಲೇ ನಕ್ಕೆ.

ಕೊನೆಗೆ ಬಂತು ಅಕ್ಕಿಯ ಪ್ರಸಂಗ. ನುಚ್ಚು ಹೆಚ್ಚೈತೆ ಎಂದರು, ನಾನು ಹೊರಟೆ. ಅಜ್ಜಿ ಕರೆದರು. "ಬಾ ಇಲ್ಲಿ. ಇದ್ನ ತಗೊಂಡೋಗು, ನುಚ್ಚಿನ್ ದುಡ್ಡೇ ಕೊಡು" ಎಂದು ಸೋನಾ ಮಸೂರಿಯನ್ನು ತಕ್ಕಡಿಗೆ ಸುರಿದರು. ಬೆಳ್ಳಗೆ, ಹಲ್ಲಿನ ಹಾಗೆ ಹೊಳೆಯುವ ಅಕ್ಕಿ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನನಗೆ ಗೊತ್ತಿಲ್ಲವೇ? ಇಷ್ಟು ಒಳ್ಳೆಯ ಅಕ್ಕಿಯನ್ನು ನುಚ್ಚಿನ ಬೆಲೆಗೆ ಯಾರು ಕೊಡುತ್ತಾರೆ? ರೇಷನ್ ಅಕ್ಕಿಯನ್ನು ಕದ್ದು ತಂದು ಪಾಲಿಶ್ ಮಾಡಿ ಮಾರುವ ಸುದ್ದಿಗಳನ್ನು ಆಗ ದಿನಾ ಓದುತ್ತಿದ್ದೆ. ತಂದೆ, ಆದರೆ ಮೂರು ಸಲ ತೊಳೆಸಿದೆ. ನನ್ನ ಜೊತೆಗಾತಿ ಎರಡು ಸಲ ಬಡಿಸಿಕೊಂಡು ಉಂಡಳು. ನಾನು ಮೂಸಿ ಮೂಸಿ ಉಂಡೆ.

ಅದೇ ಸಂಜೆ ನಮ್ಮ ಸಾಲುಮನೆಗಳ ವಾಟ್ಸಾಪ್ ಗುಂಪಿನಲ್ಲಿ ಹಾಕಿದೆ. ನೀರು ಬರುವ ಹೊತ್ತು, ಕರೆಂಟು ಹೋದದ್ದು ಮಾತ್ರ ಬರುತ್ತಿದ್ದ ಗುಂಪು ಅದು. "ಮೂಲೆ ಅಂಗಡೀಲಿ ಮುಖ ನೋಡಿ ರೇಟ್ ಹೇಳ್ತಾರೆ. ಅಕ್ಕಿ ರೇಷನ್‌ದು ಅಂತ ಡೌಟು. ಎಲ್ರೂ ಹುಷಾರ್." ಹೆಬ್ಬೆಟ್ಟುಗಳ ಮೇಲೆ ಹೆಬ್ಬೆಟ್ಟು ಬಂದವು. ನನಗೂ ಅನ್ನಿಸಿತ್ತು ಎಂದು ಒಬ್ಬ ಬರೆದ. ಕೊಸರು ಜಾಸ್ತಿ ಹಾಕ್ದಾಗ್ಲೇ ಡೌಟ್ ಬಂತು ಎಂದು ಇನ್ನೊಬ್ಬಳು ಬರೆದಳು. ನನ್ನ ಅಮ್ಮನ ಸಿದ್ಧಾಂತಕ್ಕೆ ಇಷ್ಟು ಜನ ಶಿಷ್ಯರಿದ್ದಾರೆಂದು ನನಗೆ ಹೆಮ್ಮೆಯಾಯಿತು. ನಿಜ ಹೇಳುತ್ತೇನೆ, ಹೆಮ್ಮೆಯೇ ಆಯಿತು.

ಆಮೇಲೆ ಎಲ್ಲರೂ ಸೇರಿ ಬೇರೆ ದಾರಿ ಹಿಡಿದೆವು. ತಿಂಗಳ ಸಾಮಾನಿಗೆ ದೊಡ್ಡ ಮಾರ್ಟು, ಭಾನುವಾರ ಬೆಳಗ್ಗೆ ಬಸ್ಸಿನಲ್ಲಿ ಶಿವಾಜಿನಗರಕ್ಕೆ ಹೋಗಿ ರಸೆಲ್ ಮಾರುಕಟ್ಟೆಯಲ್ಲಿ ತರಕಾರಿ. ಅಲ್ಲಿ ತಮಿಳಿನಲ್ಲಿ ಒಂದು ರೇಟು, ಉರ್ದುವಿನಲ್ಲಿ ಒಂದು ರೇಟು, ನನ್ನ ಕನ್ನಡಕ್ಕೆ ಬೇರೆಯೇ ರೇಟು ಇದೆ ಎಂಬ ಅನುಮಾನದಲ್ಲಿ ಸುಖವಾಗಿದ್ದೆ. ಬರುವಾಗ ಭಾರದ ಚೀಲ ಹಿಡಿದು ಅಜ್ಜಿಯ ಅಂಗಡಿಯ ಮುಂದೆಯೇ ಹಾದು ಬರಬೇಕಿತ್ತು. ಅಜ್ಜಿ ಒಳಗಿನಿಂದ ನೋಡುತ್ತಿದ್ದರು. ಒಂದು ಸಲ ಮಾತ್ರ ಕೂಗಿದರು. "ಈ ಕಡೀಕೆ ಬರಾಕಿಲ್ವಾ ಮಗಾ?" ನಾನು ಫೋನು ಕಿವಿಗಿಟ್ಟುಕೊಂಡು ಯಾರೊಂದಿಗೋ ಮಾತಾಡುವವಳಂತೆ ನಡೆದೆ... ಆ ಕಡೆ ಯಾರೂ ಇರಲಿಲ್ಲ.

ಮೂರು ತಿಂಗಳಾಗಿರಬೇಕು. ಒಂದು ಬೆಳಗ್ಗೆ ನನ್ನ ಜೊತೆಗಾತಿ ಪಾತ್ರೆ ತೊಳೆಯುತ್ತಿದ್ದವಳು ಚಿಕ್ಕದಾಗಿ ಚೀರಿದಳು. ನೋಡಿದರೆ ಕೈಯ ಗಾಜಿನ ಬಳೆ ಎರಡು ತುಂಡಾಗಿ ನೀರಿನಲ್ಲಿ ಬಿದ್ದಿತ್ತು. ಸ್ವಲ್ಪ ಹೊತ್ತಿಗೆ ಅವಳ ತಾಯಿಯ ಫೋನು ಬಂತು. ಅವಳು, "ಅಮ್ಮ, ಹಸಿರು ಬಳೆ ಹೆಚ್ಚಿತು ಕಣಮ್ಮ" ಎಂದಳು.

ನಾನು ನಕ್ಕುಬಿಟ್ಟೆ. "ಬಳೆ ರೇಟೂ ಹೆಚ್ಚಾಯ್ತಾ?"

ಅವಳು ಫೋನು ಇಟ್ಟು ನನ್ನನ್ನು ವಿಚಿತ್ರವಾಗಿ ನೋಡಿದಳು. "ರೇಟೇನೇ? ಬಳೆ ಒಡೀತು ಅನ್ಬಾರ್ದು, ಹೆಚ್ಚಿತು ಅನ್ಬೇಕು. ಅಷ್ಟೂ ಗೊತ್ತಿಲ್ವಾ? ಅಕ್ಕಿ, ಬೇಳೆ, ಉಪ್ಪು, ಕುಂಕುಮ ಯಾವ್ದನ್ನೂ ಮುಗೀತು ಅನ್ನಲ್ಲ ನಮ್ ಕಡೆ. ಹೆಚ್ಚೈತೆ ಅಂತೀವಿ. ಇಲ್ಲ ಅಂದ್ರೆ ಇಲ್ಲದಂಗೇ ಆಗ್ಬಿಡತ್ತಂತೆ."

ನಾನು ಹಾಸಿಗೆಯ ಮೇಲೆ ಕೂತೆ. ನಮ್ಮ ಕಾಲೊನಿಯಲ್ಲಿ ಅಕ್ಕಿ ಖಾಲಿಯಾಗುತ್ತಿತ್ತು, ಬಳೆ ಒಡೆಯುತ್ತಿತ್ತು. ಇದನ್ನು ಹೇಳಿಕೊಡುವ ಅಜ್ಜಿ ಮನೆಯಲ್ಲಿರಲಿಲ್ಲ. ನುಚ್ಚು ಪೂರಾ ಹೆಚ್ಚೈತೆ, ಸೋಮವಾರ ಬಾ... ಚೀಲದಲ್ಲಿ ಒಂದು ಕಾಳೂ ಉಳಿದಿಲ್ಲ, ಸೋಮವಾರ ಲೋಡು ಬರುತ್ತದೆ. ಅಷ್ಟೇ ಅವರು ಹೇಳಿದ್ದು. ನುಚ್ಚಿಲ್ಲದೆ ಬರಿಗೈಯಲ್ಲಿ ಹೋಗುವ ಹುಡುಗಿಯನ್ನು ಕರೆದು, ನಷ್ಟಕ್ಕೆ ಒಳ್ಳೆಯ ಅಕ್ಕಿ ಹಾಕಿದ್ದರು. ಒಂದೇ ಒಂದು ಸಲ ಅವರ ಮಾತನ್ನು ಅವರ ಬಾಯಲ್ಲಿ ಬಂದ ಹಾಗೆಯೇ ಕೋಣೆಗೆ ತಂದಿದ್ದರೆ ಮಾಲೂರಿನವಳು ಅಂದೇ ಬಿಡಿಸಿ ಹೇಳುತ್ತಿದ್ದಳು. ನಾನು ಸಾಮಾನನ್ನಷ್ಟೇ ಅಲ್ಲ, ಮಾತನ್ನೂ ನನ್ನ ಲೆಕ್ಕಕ್ಕೆ ತಿರುಗಿಸಿಕೊಂಡು ತರುತ್ತಿದ್ದೆ.

ಆ ದಿನವೇ ಅಂಗಡಿಗೆ ಹೋದೆ. ಹೇಳಿಬಿಡಬೇಕೆಂದೇ ಹೋದೆ. ಅಂಗಡಿ ಅರ್ಧ ಖಾಲಿಯಾಗಿತ್ತು. ಡಬ್ಬಗಳೆಲ್ಲ ಹಾಗೇ ಇದ್ದವು, ತಳದಲ್ಲಿ ಒಂದೊಂದು ಹಿಡಿ. ನನ್ನನ್ನು ನೋಡಿ ಅಜ್ಜಿ ಎದ್ದು ನಿಂತರು. ಬಾ ಎನ್ನಲಿಲ್ಲ, ಯಾಕೆ ಬರಲಿಲ್ಲ ಎಂದೂ ಬೈಯಲಿಲ್ಲ. ತಕ್ಕಡಿಯನ್ನು ಕೈಯಿಂದ ನಿಲ್ಲಿಸಿ ಹಿಡಿದು ಮೆಲ್ಲಗೆ ಕೇಳಿದರು. "ಮಗಾ, ದಿಟ ಹೇಳು. ನನ್ ತೂಕದಾಗೆ ಏನಾರ ಕಮ್ಮಿ ಬಂದಿತ್ತಾ? ತೂಕದ್ ಬಟ್ಟುಗೋಳ್ನೆಲ್ಲ ತಗೊಂಡೋಗಿ ಸರ್ಕಾರದೋರಿಗೆ ತೋರಿಸ್ಕೊಂಡ್ ಬಂದೆ. ಹೊಸಾ ಸೀಲ್ ಹಾಕವ್ರೆ, ನೋಡು. ಆದ್ರೂ ಮಕ್ಳು ಯಾಕೆ ಬತ್ತಿಲ್ಲ?"

ಬಟ್ಟುಗಳನ್ನು ತಿರುಗಿಸಿ ಒಂದೊಂದಾಗಿ ನನ್ನ ಮುಂದಿಟ್ಟರು. ಕಬ್ಬಿಣದ ಆ ಭಾರವನ್ನು ಚೀಲದಲ್ಲಿ ಹೊತ್ತು, ಬಸ್ಸು ಹತ್ತಿ, ಯಾವ ಕಚೇರಿಯ ಮುಂದೆ ಎಷ್ಟು ಹೊತ್ತು ನಿಂತಿದ್ದರೋ. ನಾನು ಜಗತ್ತನ್ನೆಲ್ಲ ಅನುಮಾನಿಸಿದ್ದೆ. ಆ ಮುದುಕಿ ತನ್ನ ಕೈಯನ್ನಲ್ಲದೆ ಯಾರನ್ನೂ ಅನುಮಾನಿಸಲಿಲ್ಲ.

ನಾಲಗೆಯ ತುದಿಗೆ ಬಂದಿತ್ತು. ಆದರೆ ಅಲ್ಲಿ ಉಪ್ಪು ಕೊಳ್ಳಲು ಒಬ್ಬ ಹೆಂಗಸು ಬಂದು ನಿಂತಿದ್ದರು, ಮೇಲಿನ ಮನೆಯಿಂದ ಮಗ ಇಳಿದು ಬರುವ ಚಪ್ಪಲಿಯ ಸದ್ದು ಬೇರೆ. "ಇಲ್ಲ ಅಜ್ಜಿ, ಹಾಗೇನಿಲ್ಲ. ಎಲ್ರಿಗೂ ಪರೀಕ್ಷೆ ಇತ್ತು" ಎಂದುಬಿಟ್ಟೆ. ಅಜ್ಜಿ ನನ್ನ ಮುಖವನ್ನೇ ನೋಡಿದರು. ನಂಬಲಿಲ್ಲ ಎಂದು ಗೊತ್ತಾಯಿತು. ಕಾಲು ಕೆ.ಜಿ. ಬೆಲ್ಲ ಕೇಳಿದೆ. ತೂಗಿದರು, ಮುಳ್ಳು ನನಗೆ ಕಾಣುವ ಹಾಗೆ ಪಕ್ಕಕ್ಕೆ ಸರಿದು ನಿಂತು ತೂಗಿದರು. ಹಿಂದೆ ಎಂದೂ ಹಾಗೆ ಸರಿದವರಲ್ಲ. ಕೊಸರು ಹಾಕಲಿಲ್ಲ.

ಗುಂಪಿನಲ್ಲಾದರೂ ಸರಿಪಡಿಸಬಹುದಿತ್ತು. ಬರೆದೆ, ಅಳಿಸಿದೆ, ಮತ್ತೆ ಬರೆದೆ. ಕನ್ನಡ ಬಾರದ ಕನ್ನಡದವಳು ಎಂದು ನಗುತ್ತಾರೆ ಎಂಬ ಅಂಜಿಕೆ. ನಾಳೆ ಹಾಕೋಣ, ಪರೀಕ್ಷೆ ಮುಗಿದ ಮೇಲೆ ಹಾಕೋಣ... ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ಆಡದೆ ಉಳಿದ ಮಾತೂ ಹಾಗೆಯೇ ಹೋಗುತ್ತದೆ. ಪರೀಕ್ಷೆ ಮುಗಿಯುವುದರೊಳಗೆ ಅಂಗಡಿಗೆ ಬೀಗ ಬಿತ್ತು. ಮುಂದಿನ ತಿಂಗಳು ಅಲ್ಲಿ ಸಲೂನು ಬಂತು. ನಾನು ಕೆಲಸ ಹುಡುಕಿಕೊಂಡು ಹಲಸೂರಿನ ಕಡೆ ಬಂದೆ.

ಆಮೇಲಿನ ಎಂಟೊಂಬತ್ತು ವರ್ಷ ಆ ಕಡೆ ಹೋಗಲಿಲ್ಲ. ಹೋಗಲು ಬಸ್ಸಿಗೇನೂ ಬರವಿರಲಿಲ್ಲ. ಕೆಳಮನೆಯ ನುಚ್ಚಿನ ವಾಸನೆ ದಿನಾ ಮೇಲೆ ಬರತೊಡಗಿದ ಮೇಲೆ, ಕಳೆದ ಭಾನುವಾರ ಹೋದೆ.

ಸಂದಿ ಗುರುತು ಸಿಗಲಿಲ್ಲ. ಕಟ್ಟಡಕ್ಕೆ ಇನ್ನೊಂದು ಅಂತಸ್ತು ಏರಿತ್ತು. ಗ್ರಿಲ್ ಗೇಟಿನ ಆಚೆ ಅಜ್ಜಿಯ ಸೊಸೆ ಬಂದು ನಿಂತರು, ಬೀಗ ತೆಗೆಯಲಿಲ್ಲ. ಯಾರು ಬೇಕಿತ್ತು ಎಂದರು. ಹೇಳಿದೆ. ಅತ್ತೆ ತೀರಿಹೋಗಿ ಎರಡು ವರ್ಷವಾಯಿತು ಎಂದರು. ನಾನು ಇಲ್ಲಿ ಓದುವಾಗ ಅವರ ಅಂಗಡಿಗೆ ಬರುತ್ತಿದ್ದೆ ಎಂದಾಗ ಮುಖ ಸ್ವಲ್ಪ ಸಡಿಲವಾಯಿತು.

"ಅಂಗಡಿ ಮುಚ್ಚಿದ್ಮೇಲೂ ಆ ತಕ್ಕಡಿ ಬಿಡ್ಲಿಲ್ಲ ಕಣ್ರೀ ಅವ್ರು. ರೂಮಲ್ಲಿ ನೇತಾಕ್ಕೊಂಡು ಒಂದ್ ಕಡೆ ಬಟ್ಟು, ಒಂದ್ ಕಡೆ ರಾಗಿ ಇಟ್ಟು ನೋಡ್ತಾನೇ ಇರೋರು. ಎಲ್ಲಿ ತಪ್ಪೈತೆ ಅಂತ ಗೊತ್ತಾಗ್ತಾ ಇಲ್ಲ ಅನ್ನೋರು. ಕೊನೆಗಂಟ ಅದೇ ಮಾತು."

ಗೇಟಿನ ಸರಳು ಹಿಡಿದುಕೊಂಡು ನಾನು ಎಲ್ಲವನ್ನೂ ಹೇಳಿದೆ. ನುಚ್ಚು, ಹೆಚ್ಚೈತೆ, ವಾಟ್ಸಾಪ್, ಪರೀಕ್ಷೆಯ ಸುಳ್ಳು, ಎಲ್ಲ. ತಕ್ಕಡಿ ಸರಿಯಾಗಿತ್ತು ಎಂದು ಎರಡು ಸಲ ಹೇಳಿದೆ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಅವರು ಕೇಳಿಸಿಕೊಂಡರು. ನನ್ನ ಕೈಚೀಲವನ್ನು ನೋಡಿದರು, ನನ್ನ ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ರಸ್ತೆಯನ್ನು ನೋಡಿದರು. ನನಗೆ ಚೆನ್ನಾಗಿ ಪರಿಚಯವಿದ್ದ ನೋಟ ಅದು.

"ಸರಿ, ಇದ್ನೆಲ್ಲ ಈಗ್ಯಾಕೆ ಬಂದು ಹೇಳ್ತಿದ್ದೀರಾ?" ಎಂದು ಕೇಳಿದರು.

ಅಜ್ಜಿ ಬಟ್ಟುಗಳನ್ನು ಮುಂದಿಟ್ಟು ಕೇಳಿದ ದಿನ ನನ್ನ ಹತ್ತಿರ ಉತ್ತರವಿತ್ತು.